ಒದ್ದೆ ಬಟ್ಟೆ ಮುಚ್ಚದ ಹಿಟ್ಟು

ನನ್ನ ಮಗಳು ಕೆಲಸ ಬಿಡುವುದಿಲ್ಲ! ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ನಿನ್ನೆಯಿಂದ ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲು ತರುವವನಿಗೆ ಎರಡು ಸಲ ಹೇಳಿದೆ. ಅವನು “ಬಿಡ್ತಾರೆ ಅಂತ ಯಾರು ಹೇಳಿದ್ರು ಭಟ್ರೇ?” ಎಂದು ಕೇಳಿದ. ಅಲ್ಲಿಗೆ ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಯಾರು ಹೇಳಿದರು ಅಂದರೆ? ಹೇಳದೆ ಇದ್ದವರು ಯಾರು ಎಂದು ಕೇಳಬೇಕು.

ನಾನು ಮದುವೆ ಮುಂಜಿಗಳ ಅಡುಗೆಯವನು. ಓದಿದ್ದು ನಾಲ್ಕನೇ ಇಯತ್ತೆ. ಐದಕ್ಕೆ ಹೋಗುವ ಹೊತ್ತಿಗೆ ಸೋದರಮಾವ ಶಿರಸಿಯ ಒಂದು ಮದುವೆಗೆ ಕರೆದುಕೊಂಡು ಹೋಗಿ ತೊಂಡೆಕಾಯಿ ಹೆಚ್ಚಲು ಕೂರಿಸಿದ. ಅಲ್ಲಿಂದ ನಾನು ಎದ್ದದ್ದು ಮಂಡಿ ನೋವು ಶುರುವಾದ ಮೇಲೆಯೇ. ಹೆಂಡತಿ ತೀರಿಕೊಂಡ ಮೇಲೆ ಸಿದ್ದಾಪುರದಲ್ಲಿ ಮಗಳ ಜೊತೆ ಇದ್ದೇನೆ. ಮಗಳು ದನದ ಡಾಕ್ಟರು. ಅಳಿಯ ಯಲ್ಲಾಪುರದ ಕಡೆ ಹೈಸ್ಕೂಲಿನಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುತ್ತಾನೆ. ಮೊಮ್ಮಗಳು ಎರಡನೇ ತರಗತಿ. ಈಗ ನನ್ನ ಪಕ್ಕದಲ್ಲೇ ಕೂತು ನಾನು ಬಿಟ್ಟ ಒತ್ತಕ್ಷರಗಳನ್ನು ತಿದ್ದುತ್ತಿದ್ದಾಳೆ.

ಈ ಹುಡುಗಿಯ ಕಾಲುಚೀಲ ಒಂದು ಬಿಳಿ, ಒಂದು ಬೂದಿ ಬಣ್ಣದ್ದು ಇದ್ದರೆ ಊರಿಗೆಲ್ಲ ಕಾಣುತ್ತದೆ. ಜಡೆ ಒಂದು ಮೇಲೆ ಒಂದು ಕೆಳಗೆ ಇದ್ದರೆ ಕಾಣುತ್ತದೆ. ಡಬ್ಬಿಗೆ ನಿನ್ನೆಯ ದೋಸೆ ಹಾಕಿದ್ದು ಸಹ ಹೇಗೋ ಕಾಣುತ್ತದೆ. ಶಾಲೆಯ ಪಾಲಕರ ಸಭೆಗೆ ಒಮ್ಮೆ ನಾನು ಹೋದೆ. ಕಲಿಸುವ ಬಾಯಿಯವರು ಕನ್ನಡಕ ಕೆಳಗಿಳಿಸಿ, “ತಾಯಿ ಈ ಸಲಾನೂ ಬರ್ಲಿಲ್ವಾ?” ಎಂದರು. ತಂದೆ ಬರಲಿಲ್ಲವಾ ಎಂದು ಕೇಳಲೇ ಇಲ್ಲ. ತಂದೆ ಇಲ್ಲಿಯವರೆಗೆ ಒಂದು ಸಭೆಗೂ ಹೋದವನಲ್ಲ. ಒಳ್ಳೆಯ ಹುಡುಗ, ಅವನನ್ನು ದೂರುತ್ತಿಲ್ಲ. ಅವನನ್ನು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಇರಲಿ, ಭಾನುವಾರದ ವಿಷಯಕ್ಕೆ ಬರುತ್ತೇನೆ. ಚೌತಿ ಹತ್ತಿರ ಬಂದರೆ ನಮ್ಮಲ್ಲಿ ಚಕ್ಕುಲಿ ಕಂಬಳ. ಕೋಣ ಓಡಿಸುವ ಕಂಬಳವಲ್ಲ. ಒಬ್ಬರ ಮನೆಯಲ್ಲಿ ಹತ್ತಾರು ಜನ ಸೇರಿ, ಹಿಟ್ಟು ಒತ್ತುವ ಒರಳು ಗಿರಳು ಏನೂ ಇಲ್ಲದೆ, ಬೆರಳಲ್ಲೇ ಹಿಟ್ಟನ್ನು ಹುರಿಹಾಕುತ್ತ ಚಕ್ಕುಲಿ ಸುತ್ತುವುದು. ಈ ವರ್ಷ ನಮ್ಮ ಮನೆಯ ಸರದಿ. ನಮ್ಮ ಕೇರಿಯ ರೂಢಿ ಏನೆಂದರೆ, ಯಾರ ಮನೆಯೋ ಆ ಮನೆಯ ಹೆಂಗಸೇ ಹಿಟ್ಟು ಕಲಸಬೇಕು, ಅವಳೇ ಉಂಡೆ ಮಾಡಿ ಕೊಡಬೇಕು. ಸುತ್ತುವ ಗಂಡಸರು ಪಾತ್ರೆಯ ಹಿಟ್ಟಿಗೆ ಕೈ ಹಾಕುವ ಹಾಗಿಲ್ಲ.

ಮಗಳು ಬೆಳಿಗ್ಗೆಯೇ ಎದ್ದು ಅಕ್ಕಿಹಿಟ್ಟು, ಉದ್ದಿನ ಹಿಟ್ಟು, ಜೀರಿಗೆ, ಎಳ್ಳು, ಬೆಣ್ಣೆ ಎಲ್ಲ ಅಳತೆಯಲ್ಲಿ ಹಾಕಿ ನಾದಿದಳು. ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿದೆ. ಮೇಲಿನ ದರ್ಜೆಯ ಹಿಟ್ಟು. ಮೊದಲ ಉಂಡೆ ಕಟ್ಟುವಷ್ಟರಲ್ಲಿ ಫೋನು. ಹೇರೂರಿನ ಕಡೆ ಒಂದು ಮನೆಯಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಅವಳು ಕೈ ತೊಳೆದು, ಬ್ಯಾಗು ಎತ್ತಿಕೊಂಡು, “ಈಗ ಬಂದ್ಬಿಡ್ತೆ ಅಪ್ಪಯ್ಯ” ಎಂದು ಸ್ಕೂಟರ್ ಹತ್ತಿದಳು.

ಕಲಸಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಬೇಕು. ಇಲ್ಲದಿದ್ದರೆ ಒಣಗಿ, ಸುತ್ತುವಾಗ ಎಳೆ ಸೀಳುತ್ತದೆ. ಅವಸರದಲ್ಲಿ ಅವಳು ಮುಚ್ಚಲಿಲ್ಲ. ಕಂಬಳಕ್ಕೆ ಸೇರಿದ್ದ ನಾವೆಲ್ಲ ಜಗುಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತ ಮಾತಾಡಿದೆವು. ಎರಡು ತಾಸಿನ ಮೇಲೆ ಅವಳು ಬಂದಳು. ತೋಳಿನವರೆಗೆ ಒದ್ದೆ, ಕೂದಲಲ್ಲಿ ಹುಲ್ಲು, ಮುಖದಲ್ಲಿ ಮಾತ್ರ ನಗು. “ಕರು ಉಳತ್ತು!” ಎಂದಳು. “ಹೊತ್ತಾತು, ಉಂಡೆ ಕೊಡು” ಎಂದರು ಯಾರೋ. ಅವಳು ಸ್ನಾನ ಮಾಡಿ ಬಂದು ಉಂಡೆ ಕೊಟ್ಟಳು. ನಾವು ಸುತ್ತಿದೆವು. ಎಳೆ ಪಟಪಟ ಮುರಿಯಿತು.

ನನ್ನ ಅಕ್ಕ ಮತ್ತಿಘಟ್ಟದಿಂದ ಚೌತಿಗೆಂದು ಬಂದಿದ್ದಳು. ವಯಸ್ಸಾದರೂ ನಾಲಿಗೆಗೆ ವಯಸ್ಸಾಗಿಲ್ಲ. ನಮ್ಮ ಮನೆಮಾತಿನಲ್ಲಿ ಮಗಳಿಗೂ ‘ತಂಗಿ’ ಎನ್ನುತ್ತೇವೆ; ‘ಆನು’ ಅಂದರೆ ನಾನು, ‘ಯಂಗೆ’ ಅಂದರೆ ನನಗೆ. ಮುರಿದ ಎಳೆಯನ್ನು ಎತ್ತಿ ಹಿಡಿದು ಶುರು ಮಾಡಿದಳು: “ಇದೆಂತದು ತಂಗೀ, ಚಕ್ಲಿ ಹಿಟ್ಟೋ, ಗ್ವಾಡೆಗೆ ಹಚ್ಚೋ ಗಾರೆಯೋ?”

ಪಕ್ಕದ ಮನೆಯ ಭಾವ ಬಿಡುತ್ತಾನೆಯೇ? “ಡಾಕ್ಟ್ರಿಗೆ ಎಮ್ಮೆ ಹೊಟ್ಟೆ ಗೊತ್ತಿದ್ದು, ಮನೆಯವರ ಹೊಟ್ಟೆ ಗೊತ್ತಿಲ್ಲೆ!”

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಅಷ್ಟಕ್ಕೇ ನಿಂತಿದ್ದರೆ ಅವಳೂ ನಕ್ಕು ಮರೆಯುತ್ತಿದ್ದಳೋ ಏನೋ. ಕೊನೆಯ ಮಾತು ಆಡಿದ್ದು ನಾನು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಸಾವಿರ ಜನಕ್ಕೆ ಬಡಿಸಿದ ಕೈ ಎಂಬ ಜಂಬದಲ್ಲಿ, ಎಲ್ಲರ ಎದುರು, “ಚಲೋ ಹಿಟ್ಟು ಹಾಳು ಮಾಡಿದ್ಯಲೇ ತಂಗೀ” ಎಂದೆ.

ಅವಳ ಮುಖದ ನಗು ಆರಿತು. ಸಂಜೆ ಎಲ್ಲರೂ ಹೋದ ಮೇಲೆ ಮೇಜಿನ ಮುಂದೆ ಕೂತು ಒಂದು ಕಾಗದ ಬರೆದಳು. ಏನು ಎಂದು ಕೇಳಿದೆ.

“ರಾಜೀನಾಮೆ. ಮಂಗಳವಾರ ಶಿರಸಿ ಆಫೀಸಿಗೆ ಹೋಗಿ ಕೊಟ್ಟಿಕ್ಕಿ ಬತ್ತೆ. ಯಂಗೆ ಎರಡೂ ಆಗ್ತಿಲ್ಲೆ ಅಪ್ಪಯ್ಯ. ಅಲ್ಲೂ ಅರ್ಧ, ಇಲ್ಲೂ ಅರ್ಧ. ಒಂದನ್ನಾದ್ರೂ ಸಮಾ ಮಾಡ್ತೆ.”

ಮೊಮ್ಮಗಳು ತಟ್ಟನೆ ತಾಯಿಯ ಕಡೆ ತಿರುಗಿ, “ಆಯಿ, ನೀ ಮನೇಲಿದ್ರೆ ಯಂಗೆ ಕರು ತೋರ್ಸದು ಯಾರು?” ಎಂದಳು. ಅವಳಿಗೆ ಅವಳ ಚಿಂತೆ. ಮಗಳು ಕಾಗದ ಮಡಚಿ ಬ್ಯಾಗಿಗೆ ಹಾಕಿದಳು.

ಸೋಮವಾರ ಇಡೀ ದಿನ ನನಗೆ ಊಟ ಸೇರಲಿಲ್ಲ. ಅವಳ ಓದಿಗೆ ಅವಳ ತಾಯಿ ಎಷ್ಟು ಒದ್ದಾಡಿದ್ದಳು ಎಂದು ನೆನಪಾಯಿತು. ಒಂದನ್ನು ಸಮಾ ಮಾಡುತ್ತಾಳಂತೆ! ನಾನು ಏನನ್ನು ಸಮಾ ಮಾಡಿದ್ದೆ? ಲಗ್ನದ ಕಾಲ ಬಂತೆಂದರೆ ತಿಂಗಳುಗಟ್ಟಲೆ ನನಗೆ ಮನೆಯಿಲ್ಲ. ಮಗಳಿಗೆ ಜ್ವರ ಬಂದರೆ ತಾಯಿ ನೋಡುತ್ತಿದ್ದಳು. ಶಾಲೆಗೆ ಸೇರಿಸಿದ್ದು ತಾಯಿ. ಅವಳು ಯಾವ ತರಗತಿ ಎಂದು ಯಾರೋ ಕೇಳಿದಾಗ ತಪ್ಪು ಹೇಳಿದವನು ನಾನು. ಆಗ ಜನ ನಕ್ಕು, “ಭಟ್ರಿಗೆ ಪುರಸೊತ್ತೆಲ್ಲಿ” ಎಂದು ಇನ್ನೊಂದು ಲೋಟ ಚಹಾ ಕೊಟ್ಟರು. ಮಗುವಿನ ತರಗತಿ ತಿಳಿಯದ ತಾಯಿಗೆ ಯಾರಾದರೂ ಚಹಾ ಕೊಡುತ್ತಾರೆಯೇ?

ಮಂಗಳವಾರ, ಅಂದರೆ ನಿನ್ನೆ ಬೆಳಿಗ್ಗೆ, ಅವಳು ಶಿರಸಿಗೆ ಹೊರಟು ನಿಂತಳು. ಅಳಿಯ ಹಬ್ಬಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದ. ಅಕ್ಕ ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತ, “ಚಲೋ ಮಾಡ್ದೆ ತಂಗೀ. ಹೆಂಗಸಾದ್ಮೇಲೆ ಮೊದ್ಲು ಮನೆ ನೋಡ್ಕಳವು” ಎಂದಳು. ನನಗೆ ತಡೆಯಲಿಲ್ಲ. ಮಗಳ ಕಡೆ ಕೈ ತೋರಿಸಿದೆ.

“ಅಕ್ಕಾ, ಇದು ಹುಟ್ಟಿದ ದಿನ ಆನು ಎಲ್ಲಿದ್ದಿದ್ದೆ ಹೇಳು.”

“ನೀ ವಜ್ರಳ್ಳಿ ಬದಿಗೆ ಮದುವೆ ಅಡಿಗೆಗೆ ಹೋಗಿದ್ದೆ. ಅದ್ಕೆ ಈಗೆಂತ?”

“ಕೂಸಿನ ಮುಖ ನೋಡಿದ್ದು ಎಷ್ಟನೇ ದಿನಕ್ಕೆ?”

“ನಾಕನೇ ದಿನ.”

“ಆಗ ನೀ ಎಂತ ಹೇಳಿದ್ದೆ?”

ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. “ಎಂತ ಹೇಳದು? ಪಾಪ, ತಮ್ಮ ದಣ್ಕಂಡು ಬೈಂದ, ಮೊದ್ಲು ಅವಂಗೆ ಊಟ ಹಾಕಿ ಹೇಳಿ ಹೇಳಿದ್ದೆ.”

“ಭಾನುವಾರ ಇದು ಕರು ತೆಗ್ದು ದಣ್ಕಂಡು ಬಂತಲೇ, ಇದ್ಕೆ ಒಂದು ಲೋಟ ನೀರು ಕೊಡಿ ಹೇಳಿ ನಮ್ಮಲ್ಲಿ ಒಬ್ರಾದ್ರೂ ಹೇಳಿದ್ವಾ? ಗಾರೆ ಹೇಳಿ ನಗ್ಯಾಡಿದ್ಯಲೇ!” ನನ್ನ ದನಿ ಬೀದಿಯವರೆಗೆ ಕೇಳಿಸಿರಬೇಕು. ಎದುರು ಮನೆಯ ಕಿಟಕಿ ತೆರೆಯಿತು.

ಅಕ್ಕ ಸುಮ್ಮನೆ ಬೈಸಿಕೊಳ್ಳುವವಳಲ್ಲ. ಹತ್ತಿಯ ಬುಟ್ಟಿ ಬದಿಗಿಟ್ಟು ಕೈ ನೀಡಿದಳು: “ಯಂಗೆ ಹೇಳಲೆ ಬಂದ್ಯನೋ? ನೀ ಎಲ್ಲಿದ್ದಿದ್ದೆ? ಅಡಿಗೆ ಭಟ್ಟ ಹೇಳಿ ಮೂರು ತಾಲೂಕು ತಿರುಗಿದ್ದೆ. ಜಗಲಿ ಮೇಲೆ ಕೂತ್ಕಂಡು ಕವಳ ಹಾಕಿದ್ದೆ. ಒಳಗೆ ಹೋಗಿ ಹಿಟ್ಟಿಗೆ ಒಂದು ಒದ್ದೆ ಬಟ್ಟೆ ಮುಚ್ಚಲೆ ನಿನ್ನ ಕೈ ಬಿದ್ದೋಗಿತ್ತ?”

ನಿಜ. ಆ ಮನೆಯಲ್ಲಿ ಅಷ್ಟು ಜನ ಇದ್ದೆವು. ನೀರಿತ್ತು, ಬಟ್ಟೆಯಿತ್ತು. ರೂಢಿ ಹಿಟ್ಟಿಗೆ ಕೈ ಹಾಕಬೇಡ ಎಂದಿತ್ತೇ ಹೊರತು ಬಟ್ಟೆ ಹೊದಿಸಬೇಡ ಎಂದಿರಲಿಲ್ಲ. ಬೇರೆಯವರ ಮದುವೆಯಾಗಿದ್ದರೆ ನಿದ್ದೆಗಣ್ಣಲ್ಲೂ ಎದ್ದು ಮುಚ್ಚುತ್ತಿದ್ದೆ. ಇದು ಮಗಳ ಹಿಟ್ಟು, ಆದ್ದರಿಂದ ಕೆಟ್ಟರೆ ಮಗಳಿಂದಲೇ ಕೆಟ್ಟದ್ದು. ನಾವೆಲ್ಲ ಅದು ಒಣಗುವುದನ್ನೇ ಕಾದು ಕೂತ ಹಾಗಾಯಿತು.

“ಯಂಗೆ ಹೊಳೆದ್ದೇ ಇಲ್ಲೆ ಅಕ್ಕಾ,” ಎಂದೆ. ಆಮೇಲೆ ಮಗಳ ಕಡೆ ತಿರುಗಿ, “ಹಿಟ್ಟು ಹಾಳು ಮಾಡಿದ್ದು ನೀನಲ್ಲ ತಂಗೀ. ಆನು,” ಎಂದೆ. ಇಷ್ಟು ವರ್ಷದಲ್ಲಿ ಅವಳೆದುರು ನಾನು ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು.

ಅಳಿಯ ಒಳಗಿನಿಂದ ಮೆಲ್ಲಗೆ, “ಆನೂ ಅಲ್ಲೇ ಇದ್ದಿದ್ದೆ ಮಾವಯ್ಯ” ಎಂದ. ಮಗಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಸೊಂಟಕ್ಕೆ ಕೈ ಕೊಟ್ಟು ನಿಂತ ಸೋದರತ್ತೆಯನ್ನು ನೋಡಿದಳು. ಎರಡು ದಿನದ ಮೇಲೆ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

“ಹಂಗಾರೆ ಇವತ್ತು ಹೊಸಾ ಹಿಟ್ಟು ನೀವೇ ಕಲಸಿ. ಆನು ಆಸ್ಪತ್ರೆಗೆ ಹೋಗ್ತೆ,” ಎಂದಳು.

“ಶಿರಸಿಗೆ?”

“ಇಲ್ಲೆ. ಇಲ್ಲೇ, ಯನ್ನ ಆಸ್ಪತ್ರೆಗೆ. ಆದ್ರೆ ಅಪ್ಪಯ್ಯ, ಇನ್ನೂ ಎಷ್ಟೋ ಸಲ ಮರೀತೆ. ಕಾಲುಚೀಲ ಬೇರೆ ಬೇರೆನೇ ಇರ್ತು. ಅದ್ಕೆಲ್ಲ ಅತ್ತು ಪೂರೈಸ್ತಿಲ್ಲೆ.”

ಸ್ಕೂಟರ್ ಸಿದ್ದಾಪುರದ ಪೇಟೆಯ ಕಡೆಗೇ ತಿರುಗಿತು. ನಾನು ಕಟ್ಟೆಯ ಮೇಲೆ ನಿಂತು ತಿರುವಿನವರೆಗೆ ನೋಡಿದೆ. ಆಮೇಲೆ ಎದುರು ಮನೆಯ ಕಿಟಕಿಗೆ ಕೇಳುವ ಹಾಗೆ, “ಬಿಡ್ತಿಲ್ಲೆ! ಕೆಲಸ ಬಿಡ್ತಿಲ್ಲೆ!” ಎಂದು ಕೂಗಿದೆ.

ಮಧ್ಯಾಹ್ನ ನಾನು ಕಲಸಿದೆ, ಅಳಿಯ ನಾದಿದ. ರೂಢಿ ಮುರಿಯಿತು, ಮನೆಯ ಮಾಡು ಬೀಳಲಿಲ್ಲ. ಒದ್ದೆ ಬಟ್ಟೆಯ ಕಾವಲಿಗೆ ಮೊಮ್ಮಗಳು ಕೂತಳು. ಸುತ್ತಲು ಹೋದರೆ ನನ್ನ ಬೆರಳು ಈಗ ನಡುಗುತ್ತದೆ. ನಾಲ್ಕು ಸುತ್ತು ಬರಬೇಕಾದಲ್ಲಿ ಎರಡೂವರೆಗೆ ಎಳೆ ಜಾರಿತು. ಅಳಿಯನದ್ದು ಬಳೆಯೂ ಅಲ್ಲ, ಕೊಕ್ಕೆಯೂ ಅಲ್ಲ. ಮೊಮ್ಮಗಳು ಒಂದು ಉದ್ದದ್ದನ್ನು ಮಾಡಿ, ಎಮ್ಮೆಯ ಬಾಲ ಎಂದಳು. ಅಕ್ಕ ಒಂದೊಂದನ್ನೇ ಎತ್ತಿ ನೋಡಿ, “ಗಣಪತಿ ನಕ್ಕು ಹೊಟ್ಟೆ ಹಿಡ್ಕತ್ತ” ಎನ್ನುತ್ತ ಎಣ್ಣೆಗೆ ಬಿಟ್ಟಳು. ದೇವರಿಗೆಂದು ಮೊದಲ ಹತ್ತನ್ನು ತೆಗೆದಿಟ್ಟೆವು. ಅದರಲ್ಲಿ ಬಾಲವೂ ಇತ್ತು.

ಮಗಳು ಬಂದದ್ದು ದೀಪ ಹಚ್ಚಿದ ಮೇಲೆ. ಆರಕ್ಕೆ ಬರುತ್ತೇನೆ ಎಂದವಳು ಏಳಾದ ಮೇಲೆ ಬಂದಳು. ಅನ್ನ ಆರಿತ್ತು. ಅಕ್ಕ ಬಾಯಿ ತೆರೆದಳು. ನಾನು ನೋಡಿದೆ. ಅವಳು ಬಾಯಿ ಮುಚ್ಚಿ, ಮಗಳ ಕೈಗೆ ನೀರಿನ ಲೋಟ ಕೊಟ್ಟಳು. “ಮೊದ್ಲು ಕುಡಿ. ದಣ್ಕಂಡು ಬೈಂದೆ.”

ಅಳಿಯ ಆಗಷ್ಟೇ ಕರಿದಿಳಿಸಿದ ಕೊನೆಯ ಚಕ್ಕುಲಿಯ ಎಣ್ಣೆ ಹೀರಲು ಹಳೆಯ ಪೇಪರು ಹುಡುಕುತ್ತಿದ್ದ. ಮಗಳು ಬ್ಯಾಗಿನಿಂದ ಮಡಚಿದ ಕಾಗದ ತೆಗೆದು ಹರಿವಾಣದ ಮೇಲೆ ಬಿಡಿಸಿ ಹಾಸಿ, “ಇದ್ರ ಮೇಲೆ ಹಾಕಿ” ಎಂದಳು. ಬಿಸಿ ಚಕ್ಕುಲಿ ಬಿದ್ದಲ್ಲೆಲ್ಲ ಅಕ್ಷರ ಎಣ್ಣೆಯಲ್ಲಿ ಮುಳುಗಿತು. ಮೊಮ್ಮಗಳು ಬಗ್ಗಿ, ಕಂಡ ಒಂದೇ ಸಾಲನ್ನು ಕೂಡಿಸಿ ಓದಿದಳು: “ಮಾ-ನ್ಯ-ರೇ.” ಎಲ್ಲರೂ ನಕ್ಕೆವು.

ಆಮೇಲೆ ಬಾಳೆಲೆ ಹಾಕಿ ಐದೂ ಜನ ಸಾಲಾಗಿ ಕೂತೆವು. ಆರಿದ ಅನ್ನಕ್ಕೆ ಬಿಸಿ ಸಾರು, ಬದಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ನಡುವೆ ಮುರಿದ ಚಕ್ಕುಲಿಯ ಹರಿವಾಣ. ಯಾರ ಕೈಗೆ ಯಾವ ತುಂಡು ಬಂತೋ ಅದನ್ನು ಅವರು ತಿಂದರು. ಮಗಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಬಡಿಸಿದವನು ನಾನು.