ಪಾಳಿಯಲ್ಲಿ ಉಳಿದ ಕೊಡ

ನಾನು ಚಿಕ್ಕವಳಿದ್ದಾಗ ನಮ್ಮೂರು ಒಂದು ಪುಟ್ಟ ದೊಡ್ಡಿ. ಮಸ್ಕಿಯ ಆಚೆ, ಜೋಳದ ಹೊಲಗಳ ನಡುವೆ ಇಪ್ಪತ್ತೇ ಮನೆಗಳು. ಓಟು ಹಾಕಬೇಕೆಂದರೆ ಹಳ್ಳ ದಾಟಿ ಎರಡು ತಾಸು ನಡೆಯಬೇಕಿತ್ತು. ಹಾಗಾಗಿ ಹೆಚ್ಚಿನವರು ಹೋಗುತ್ತಿರಲಿಲ್ಲ, ಓಟು ಕೇಳಲು ಯಾರೂ ಬರುತ್ತಲೂ ಇರಲಿಲ್ಲ. ಅಪ್ಪನಿಗೆ ಇದು ನುಂಗಲಾಗದ ಅವಮಾನ. ಲಿಂಗಸುಗೂರಿನ ಕಚೇರಿಗೆ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆದು, ಕೊನೆಗೂ ನಮ್ಮ ಶಾಲೆಗೇ ಮತಗಟ್ಟೆ ತಂದ. ಆದರೆ ಈ ಸಲ ಜನ ಬರದಿದ್ದರೆ ಮತಗಟ್ಟೆ ವಾಪಸ್ಸು ಎಂದು ಅಲ್ಲಿ ಹೇಳಿ ಕಳಿಸಿದ್ದರು.

ಓಟಿನ ದಿನವೇ ಕಾಲುವೆ ನೀರಾವರಿಯ ಆರ್.ಎಚ್. ಕ್ಯಾಂಪಿನ ಕಡೆ ಭತ್ತದ ನಾಟಿಯ ಕೂಲಿ ಬಂತು. ಕಿತ್ತ ಸಸಿಯನ್ನು ಒಣಗಲು ಬಿಡುವಂತಿಲ್ಲ. ಮಧ್ಯಾಹ್ನಕ್ಕೆ ಬಂದುಬಿಡುತ್ತೇವೆಂದು ಅಪ್ಪ, ಅವ್ವ, ದುಡಿಯುವವರೆಲ್ಲ ನಸುಕಿನಲ್ಲೇ ಟ್ರ್ಯಾಕ್ಟರ್ ಹತ್ತಿ ಹೋದರು. ಅಲ್ಲಿ ಕಾಲುವೆಗೆ ನೀರು ತಡವಾಗಿ ಬಂದದ್ದು ನಮಗೆ ಗೊತ್ತಿರಲಿಲ್ಲ. ಮೂರಾಯಿತು, ನಾಲ್ಕಾಯಿತು. ಓಟು ಹಾಕಿದ್ದು ಅಜ್ಜಿ ಮತ್ತು ಕೆಲವು ಮುದುಕರು ಮಾತ್ರ.

ಅಜ್ಜಿ ಹಳ್ಳದ ದಾರಿ ನೋಡುತ್ತ ನಿಂತಳು. ಬೋರಿಂಗಿನ ಹತ್ತಿರ ನೀರಿಗೆ ನಾವು ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದೆವು. ಕೊಡ ಇದ್ದಲ್ಲಿ ಪಾಳಿ ನಮ್ಮದು, ಅದನ್ನು ಯಾರೂ ಸರಿಸುತ್ತಿರಲಿಲ್ಲ. ಅಜ್ಜಿಗೆ ಅದೇ ನೆನಪಾಯಿತು.

"ಮನಿಮನಿಗೆ ಹೋಗಿ ಕೊಡ ತೊಗೊಂಡು ಬಾ ಬೇ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಇಡು. ಐದಕ್ಕ ಪಾಳ್ಯಾಗ ಇದ್ದವ್ರಿಗೆ ಓಟು ಕೊಡ್ತಾರಂತ."

ನಾನು ಓಡಿದೆ. ಹಿತ್ತಾಳೆಯವು, ಮಣ್ಣಿನವು, ನೀರಿನ ವಾಸನೆ ಹೊಡೆಯುವ ಹಸಿ ಕೊಡಗಳು. ಶಾಲೆಯ ಬಾಗಿಲಿಂದ ಬೇವಿನ ಮರದವರೆಗೆ ಸಾಲು ಬೆಳೆಯಿತು. ಎಲ್ಲಕ್ಕಿಂತ ಹಿಂದೆ ಅಪ್ಪನ ಹೆಸರಿಗೆ ನಮ್ಮ ಮನೆಯ ಸೊಟ್ಟ ಕಂಠದ ತಾಮ್ರದ ಕೊಡ ಇಟ್ಟೆ.

ಐದಕ್ಕೆ ಇನ್ನೇನು ಐದು ನಿಮಿಷ ಇದೆ ಎನ್ನುವಾಗ ಮತಗಟ್ಟೆಯ ಅಧಿಕಾರಿ, ಪಾಳಿಯಲ್ಲಿ ನಿಂತವರಿಗೆ ಕೊಡುವ ಚೀಟಿಗಳನ್ನು ಹಿಡಿದು ಹೊರಗೆ ಬಂದರು. ಸಾಲು ನೋಡಿ ನಕ್ಕರು, ಅಜ್ಜಿಯ ಮುಖ ನೋಡಿ ನಗು ನಿಲ್ಲಿಸಿದರು.

"ಅಮ್ಮಾ, ಕೊಡಕ್ಕ ಚೀಟಿ ಕೊಡಾಕ ಬರಂಗಿಲ್ಲ. ಮಂದಿ ನಿಂತಿರಬೇಕು."

"ಬರಾಕತ್ತಾರ ರೀ ಸಾಹೇಬ್ರ," ಅಂದಳು ಅಜ್ಜಿ.

ಆಗ ಹಳ್ಳದ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಮೊಣಕಾಲಮಟ ಕೆಸರು ಮೆತ್ತಿದ ಜನ ಧುಮುಕಿ ಓಡಿಬಂದು ತಮ್ಮ ತಮ್ಮ ಕೊಡದ ಹಿಂದೆ ನಿಂತರು. ಅಧಿಕಾರಿ ಗಡಿಯಾರ ನೋಡಿ, ಸಾಲಿನ ಕೊನೆಯಿಂದ ಚೀಟಿ ಹಂಚತೊಡಗಿದರು. ಕೊನೆಯ ಕೊಡದ ಹಿಂದೆ ಯಾರೂ ಇರಲಿಲ್ಲ. ಅದನ್ನು ದಾಟಿ ಮುಂದೆ ಹೋದರು.

"ನಾಟಿಗೆ ಇನ್ನೂ ಒಂದು ಮಡಿ ಉಳಿದಿತ್ತು," ಅವ್ವ ಎತ್ತಲೋ ನೋಡುತ್ತ ಹೇಳಿದಳು. "ನಾ ಹಚ್ಚತೀನಿ, ನೀವು ನಡೀರಿ ಅಂದ ನಿಮ್ಮಪ್ಪ."

ಮತಗಟ್ಟೆ ತಂದವನು ಅಪ್ಪ. ಇಡೀ ದೊಡ್ಡಿಯಲ್ಲಿ ಓಟು ಹಾಕದವನೂ ಅಪ್ಪ ಒಬ್ಬನೇ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮರುದಿನ ಬೆಳಿಗ್ಗೆ ನಡೆದು ಬಂದ ಅಪ್ಪ, "ಎಲ್ರೂ ಹಾಕಿದ್ರೇನು?" ಎಂದಷ್ಟೇ ಕೇಳಿದ.

ಮತಗಟ್ಟೆ ಉಳಿಯಿತು. ಮುಂದಿನ ಸಲ ಓಟು ಕೇಳುವ ಜೀಪು ಮೊದಲ ಬಾರಿಗೆ ಹಳ್ಳ ದಾಟಿ ಬಂತು, ಆಮೇಲೆ ಸೇತುವೆಯೂ ಬಂತು. ಮೊಮ್ಮಕ್ಕಳೇ, ನಿಮ್ಮ ಶಾಲೆಯ ವ್ಯಾನು ದಿನಾ ಓಡುವುದು ಅದರ ಮೇಲೆಯೇ. ನಲ್ಲಿ ಮನೆಯೊಳಗೇ ಇರುವುದರಿಂದ ಪಾಳಿಗೆ ಕೊಡ ಇಡುವುದೆಂದರೆ ನಿಮಗೆ ನಗು. ಓಟಿನ ದಿನ ನಿಮ್ಮಪ್ಪ, "ನನ್ನ ಒಂದು ಓಟಿಂದ ಏನಾಗತೈತಿ" ಎಂದು ಮಗ್ಗುಲಾದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಾನು ಬೈಯುವುದಿಲ್ಲ. ಅಟ್ಟದಿಂದ ಆ ಸೊಟ್ಟ ಕೊಡವನ್ನು ಇಳಿಸಿ ಅವನ ಮಂಚದ ಪಕ್ಕ ಇಡುತ್ತೇನೆ. ಅವನು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾನೆ.