ಅರದಣ್ಣ ಸವರಿದ ಅಂಚು

ಶಬ್ದಕ್ಕಿಂತ ಆರು ಪಟ್ಟು ವೇಗದಲ್ಲಿ ಹಾರಿ, ಶತ್ರುವಿನ ನೆಲದ ಫೋಟೊ ತೆಗೆದುಕೊಂಡು ಬರುವ ವಿಮಾನವೆಂದರೆ ದೊಡ್ಡ ದೊಡ್ಡ ತಲೆಗಳ ಕೆಲಸ ಎಂದುಕೊಳ್ಳುತ್ತೇವೆ. ಇರಲಿ, ತಲೆಗಳೂ ಬೇಕು. ಆದರೆ ಅಂಥ ವಿಮಾನ ಮೊದಲು ಹುಟ್ಟುವುದು ಮೊಳದುದ್ದದ ಉಕ್ಕಿನ ಮಾದರಿಯಾಗಿ, ವರ್ಕ್‌ಶಾಪಿನ ಮೂಲೆಯಲ್ಲಿ, ಅರ ಹಿಡಿದವನ ಕೈಯಲ್ಲಿ. ಆ ಕೈ ನಮ್ಮ ಅರದಣ್ಣನದು. ಮೂವತ್ತೊಂದು ವರ್ಷ ಅರ ಉಜ್ಜಿದ್ದಕ್ಕೆ ಸಿಕ್ಕ ಬಿರುದು ಅದು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಕೆಲಸದ ವಿಷಯ ಮನೆಯಲ್ಲಿ ಬಾಯಿ ಬಿಡುವಂತಿರಲಿಲ್ಲ. ಹೆಂಡತಿ ಅಕ್ಕಪಕ್ಕದವರಿಗೆ, "ನಮ್ಮನೆಯವರು ಅದೇನೋ ಕಬ್ಬಿಣ ಉಜ್ತಾರೆ. ಮೂರು ತಿಂಗಳಿಂದ ಒಂದೇ ತುಂಡು!" ಎಂದು ಹೇಳಿ ನಗುತ್ತಿದ್ದಳು.

ಆ ಒಂದೇ ತುಂಡಿನ ಮೇಲೆ, ವಿಮಾನದ ವಿನ್ಯಾಸ ಮಾಡಿದ್ದ ಮೇಡಂ ಅವರ ನಾಲ್ಕು ವರ್ಷದ ದುಡಿಮೆ ನಿಂತಿತ್ತು. ಗಾಳಿಸುರಂಗದಲ್ಲಿ ಮಾದರಿಯನ್ನಿಟ್ಟು, ಗಾಳಿ ನುಗ್ಗಿಸಿ, ಅದು ಎಷ್ಟು ತಡೆಯೊಡ್ಡುತ್ತದೆಂದು ಅಳೆಯಬೇಕು. ಅಂಕಿ ಸರಿಬಂದರೆ ವಿಮಾನ ಮುಂದುವರಿಯುತ್ತದೆ, ಇಲ್ಲದಿದ್ದರೆ ಕಡತ ಮುಚ್ಚುತ್ತದೆ.

ಪರೀಕ್ಷೆಯ ಹಿಂದಿನ ಸಂಜೆ ಮಾದರಿಯನ್ನು ಒಪ್ಪಿಸಿ ಮೇಜು ಒರೆಸುವಾಗ, ಅರದಣ್ಣನ ಕಣ್ಣಿಗೆ ಲೋಹ ನುಣುಪು ಮಾಡುವ ಎಮರಿ ಪೇಪರಿನ ಚೂರೊಂದು ಬಿತ್ತು. ಅದರ ಮೇಲೆ ಹೊಸದೊಂದು ಕಪ್ಪು ಗೆರೆ. ಕೆಲಸ ಮುಗಿದ ಮೇಲೆ, ಯಾರ ಕೈಯೂ ಕೊಯ್ಯದಿರಲೆಂದು ಅಂಚನ್ನು ಆ ಪೇಪರಿನಿಂದ ಒಮ್ಮೆ ಸವರಿಬಿಡುವುದು ಫಿಟ್ಟರ್‌ಗಳ ಅಭ್ಯಾಸ. ತಲೆಯನ್ನು ಕೇಳದೆಯೇ ಕೈ ಅದನ್ನು ಮಾಡಿ ಮುಗಿಸಿತ್ತು. ಈ ರೆಕ್ಕೆಯ ಅಂಚಾದರೋ ಬ್ಲೇಡಿನಷ್ಟು ಹರಿತವಿರಬೇಕು. ಕೂದಲೆಳೆಯಷ್ಟು ಮೊಂಡಾದರೂ ತಡೆ ಹೆಚ್ಚುತ್ತದೆ. ಹೋದ ಹರಿತ ಮತ್ತೆ ಬರಬೇಕೆಂದರೆ ರೆಕ್ಕೆಯನ್ನೇ ಹೊಸದಾಗಿ ಮಾಡಬೇಕು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಹೆದರಿಕೆಯೂ ಆಯಿತು.

"ಊಟ ಯಾಕ್ರೀ ಸೇರ್ತಿಲ್ಲ?" ಎಂದಳು ಹೆಂಡತಿ.

"ಉಜ್ಜಬಾರದ್ದನ್ನ ಉಜ್ಜಿಬಿಟ್ಟೆ ಕಣೆ."

ಅವಳು ಈ ಸಲ ನಗಲಿಲ್ಲ. "ಹಂಗಾದ್ರೆ ಹೋಗಿ ಹೇಳಿಬಿಡಿ," ಎಂದು ತಟ್ಟೆ ಎತ್ತಿಕೊಂಡಳು.

ಬೆಳಿಗ್ಗೆ ಹೋಗುವಷ್ಟರಲ್ಲಿ ಸುರಂಗದ ಟ್ಯಾಂಕಿಗೆ ಗಾಳಿ ತುಂಬಿಯಾಗಿತ್ತು. ಮತ್ತೆ ಸರದಿ ಸಿಗುವುದು ಆರು ತಿಂಗಳ ನಂತರ. ವಿಮಾನದ ಹಣೆಬರಹ ತೀರ್ಮಾನಿಸುವ ಸಮಿತಿ ಕೂರುವುದು ವಾರದೊಳಗೆ. ಪರೀಕ್ಷೆ ಮುಂದೂಡುವಂತಿರಲಿಲ್ಲ. ಅರದಣ್ಣ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಮೇಡಂ ಮುಖ ಬಿಳಿಚಿಕೊಂಡಿತು.

"ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಿಮ್ಮ ವಿಮಾನದ್ದೇ ತಪ್ಪು ಅಂತ ಬರೆದುಬಿಡ್ತಿದ್ರು, ಮೇಡಂ. ತಪ್ಪು ನನ್ನ ಕೈಯದು."

ಅವರು ಅಂಚನ್ನು ಮೈಕ್ರೋಸ್ಕೋಪಿನಡಿ ಅಳೆದು, ಎಷ್ಟು ಮೊಂಡಾಗಿದೆ, ಹೇಗಾಯಿತು ಎಂಬುದನ್ನು ಪರೀಕ್ಷೆಯ ಪುಸ್ತಕದಲ್ಲಿ ಬರೆದರು. ಕೆಳಗೆ ಅರದಣ್ಣ ಸಹಿ ಹಾಕಿದ. ಗಾಳಿ ನುಗ್ಗಿದ್ದು ಅರೆಕ್ಷಣ, ಅಷ್ಟೇ. ಅಂಕಿ ಕೆಟ್ಟದಾಗಿಯೇ ಬಂತು.

ಸಮಿತಿಯವರು ಇನ್ನೇನು ಕಡತ ಮುಚ್ಚುವುದರಲ್ಲಿದ್ದರು. ಮೇಡಂ ಅರದಣ್ಣನ ಸಹಿಯಿದ್ದ ಆ ಪುಟ ತೆಗೆದು ಮುಂದಿಟ್ಟರು. ಅರ್ಧ ದಿನ ವಾದ ನಡೆದು, ಕೊನೆಗೂ ಇನ್ನೊಂದು ಮಾದರಿಗೆ ಒಪ್ಪಿಗೆ ಸಿಕ್ಕಿತು.

ಉಕ್ಕಿನ ಹೊಸ ತುಂಡು ಬಂದ ದಿನ ಅರದಣ್ಣ ಅದನ್ನು ಮುಟ್ಟದೆ ದೂರ ನಿಂತ. "ಬೇರೆ ಯಾರಿಗಾದ್ರೂ ಕೊಡಿ ಮೇಡಂ. ಈ ಕೈನ ನಂಬೋ ಹಾಗಿಲ್ಲ."

"ಕೊಡಬಹುದು," ಎಂದರು ಅವರು, ನಕ್ಷೆಯನ್ನು ಅವನ ಮೇಜಿನ ಮೇಲೆ ಹರವುತ್ತಾ. "ಅವರ ಕೈ ತಪ್ಪಿದ್ರೆ, ನನಗೆ ಬಂದು ಹೇಳೋರು ಯಾರು?"