ಗಾಳಿಯೊಂದನ್ನು ಬಿಟ್ಟು

ಸುಳ್ಳು ಹೇಳುವವರನ್ನು ಕಂಡರೆ ನನಗೇನೂ ಭಯವಿಲ್ಲ. ಮೇಷ್ಟ್ರಾಗಿದ್ದವನು ನಾನು, ಪುಸ್ತಕವನ್ನು ಎಮ್ಮೆ ತಿಂದಿತು ಎಂದವರನ್ನೂ ಪಾಸು ಮಾಡಿದ್ದೇನೆ. ಆದರೆ ಹೋದ ವಾರದಿಂದ ನಿಜ ಹೇಳುವವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ.

ನಮ್ಮ ಮೇಲೂರಿನಲ್ಲಿ ರೇಷ್ಮೆಯ ಹುಳುಮನೆಗೆ ದೇವರಮನೆಯಷ್ಟೇ ಮಡಿ. ಚಪ್ಪಲಿ ಹೊರಗೆ, ಕೈಕಾಲು ತೊಳೆದೇ ಒಳಗೆ. ನಶ್ಯ, ಸೆಂಟು ಹತ್ತಿರ ಸುಳಿಯಬಾರದು. ನನ್ನಂಥ ನಶ್ಯಪ್ರಿಯನಿಗೆ ಬಾಗಿಲಲ್ಲೇ ನಮಸ್ಕಾರ. ಎದುರುಮನೆಯ ಮುನಿಯಮ್ಮನವರ ಹುಳುಗಳು ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹಸಿರು ಕಕ್ಕಿ ರಾಶಿರಾಶಿ ಸತ್ತವು. ಅವರ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ನಾರಾಯಣಪ್ಪನ ಟೊಮೇಟೊ ತೋಟ. ಅವನು ಹೊಡೆದ ಔಷಧಿಯಿಂದಲೇ ಹೀಗಾಯಿತೆಂದು ಮುನಿಯಮ್ಮ ತಮ್ಮ ಜಗಲಿಯಲ್ಲಿ ನಾಲ್ಕು ಜನರನ್ನು ಸೇರಿಸಿದರು. ಅವರಲ್ಲಿ ನಾನೂ ಒಬ್ಬ.

ನಾರಾಯಣಪ್ಪ ದನಿ ಎತ್ತಲಿಲ್ಲ. ಔಷಧಿ ಹೊಡೆದದ್ದು ತನ್ನ ತೋಟಕ್ಕೆ, ಅಂಗಡಿಯವರು ಹೇಳಿದಷ್ಟೇ ಕಲಸಿ, ಅವರ ಹುಳುಮನೆಯ ಹೊಸ್ತಿಲನ್ನೂ ತುಳಿದಿಲ್ಲ ಅಂದ. ಎಲ್ಲ ನಿಜ. ಆಮೇಲೆ ಮೆಲ್ಲಗೆ, ಗೌರಿಬಿದನೂರಿನಿಂದ ಬಂದ ಅವರ ಹೊಸ ಸೊಸೆ ಸೆಂಟು ಹಾಕಿಕೊಂಡು ಹುಳುಮನೆಗೆ ಹೋಗಿದ್ದಳೋ ಇಲ್ಲವೋ ಕೇಳಿ ಅಂದ. ಅದೂ ನಿಜವೇ. ಹುಡುಗಿ ಹೌದೆಂದು ತಲೆ ತಗ್ಗಿಸಿದಳು. ಯಾರೋ ಕಾಲ್ಗುಣ ಅಂದರು. ಮುನಿಯಮ್ಮನೂ ಸೊಸೆಯ ಕಡೆ ಒಂದು ಥರಾ ನೋಡಿದರು. ಸತ್ಯದ ಪಾಠ ಮಾಡಿದ ಮಹಾಶಯನಾದ ನಾನು ಹೌದೌದೆಂದು ತಲೆಯಾಡಿಸಿದೆ. ಆ ಹುಡುಗಿ ಜನ್ಮವಿಡೀ ಈ ಊರಲ್ಲಿ ಹುಳು ಕೊಂದ ಸೊಸೆಯಾಗಿ ಬಾಳುವುದು ಬಹುತೇಕ ತೀರ್ಮಾನವಾಗಿತ್ತು.

ಅವಳೇ ತಲೆ ಎತ್ತಿದಳು. "ಸೆಂಟು ಹಾಕ್ಕೊಂಡು ಹೋಗಿದ್ದು ತಪ್ಪೇ. ಆದ್ರೆ ನೀವು ಔಷಧಿ ಹೊಡೆದ ದಿನ ನಾನು ಒಣಗಾಕಿದ್ದ ಬಟ್ಟೆಯೆಲ್ಲ ಅದೇ ವಾಸನೆ. ಗಾಳಿ ಯಾವ ಕಡೆಗಿತ್ತಣ್ಣ?"

ನಾರಾಯಣಪ್ಪ ಟವೆಲ್ಲನ್ನು ಹೆಗಲಿಂದ ಹೆಗಲಿಗೆ ಬದಲಾಯಿಸಿದ. "ನಿಮ್ಮ ಕಡೆಗೇ ಇತ್ತಮ್ಮ," ಅಂದ. "ಅದನ್ನ ಯಾರೂ ಕೇಳಲಿಲ್ಲವಲ್ಲ."

ನಾನು ಬೆಚ್ಚಿಬಿದ್ದೆ. ಒಂದೇ ಒಂದು ಸುಳ್ಳಿಲ್ಲದೆ ಒಬ್ಬಳ ಬಾಳನ್ನು ಹಾಳು ಮಾಡಬಹುದು! ಬರೆದ ಉತ್ತರಗಳಿಗೆ ಸರಿ ತಪ್ಪು ಹಾಕುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಬರೆಯದೆ ಬಿಟ್ಟದ್ದೇನೆಂದು ಹುಡುಕಿ ನೋಡುವ ಅಭ್ಯಾಸವೇ ಆಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ವಿವರಿಸಿ ನಾರಾಯಣಪ್ಪನನ್ನು ಚೆನ್ನಾಗಿ ಬೈದೆ. ತಪ್ಪನ್ನೆಲ್ಲ ಆ ಮಗುವಿನ ತಲೆಗೆ ಕಟ್ಟುತ್ತಿದ್ದಾಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಅವರ ಜಗಲಿ ಮೇಲೆ ಕೂತಿದ್ದೆ ಕಣೇ," ಅಂದೆ.

ಅದೂ ನಿಜವೇ.